ರೋಬೋಟಿಕ್ಸ್ ಕೋರ್ಸ್: ಮೊದಲ ವಾರವೇ ಗಾಡಿ ಕೊಟ್ಟ ನನ್ನ ಅನುಭವ

ಮೊದಲ ವಾರವೇ ಹುಡುಗರ ಕೈಗೆ ಕಪ್ಪು ಪಟ್ಟಿ ಹಿಡಿದು ತಾನೇ ಓಡುವ ಪುಟ್ಟ ರೋಬೋಟ್ ಗಾಡಿ ಕೊಡುತ್ತೇನೆ ಅಂದಾಗ ನಮ್ಮ ವಿಭಾಗದಲ್ಲಿ ಯಾರೂ ಒಪ್ಪಲಿಲ್ಲ. "ಡಿ-ಎಚ್ ಪ್ಯಾರಾಮೀಟರ್ ಮುಗಿಸದೆ ಎಂಥ ರೋಬೋಟ್ ಸಾರ್? ಆಟದ ಸಾಮಾನು ಆಗುತ್ತೆ" ಅಂದರು. (ಡಿ-ಎಚ್ ಅಂದರೆ ರೋಬೋಟ್ ತೋಳಿನ ಕೀಲುಗಳ ಲೆಕ್ಕಾಚಾರ.)

ಅದಕ್ಕೂ ಹಿಂದಿನ ವರ್ಷ ಇದ್ದ ದುಡ್ಡೆಲ್ಲ, ಸುಮಾರು ಎರಡೂವರೆ ಲಕ್ಷ, ಒಂದೇ ರೋಬೋಟ್ ತೋಳಿಗೆ ಸುರಿದಿದ್ದೆ. 60 ಹುಡುಗರು, ಒಂದು ತೋಳು. ಇಬ್ಬರು ಮುಟ್ಟಿದರೆ ಮಿಕ್ಕವರು ಸುಮ್ನೆ ರೆಕಾರ್ಡ್ ಬರೆಯುತ್ತಿದ್ದರು. ಒಂದು ಜಾಯಿಂಟ್ ಕೆಟ್ಟಿತು. ರಿಪೇರಿಗೆ 40 ಸಾವಿರ ಕೇಳಿದರು. ತೋಳು ಮೂಲೆ ಸೇರಿತು.

ಮರುವರ್ಷ ಮಂಡ್ಯದಿಂದ ರೈಲು ಹತ್ತಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋದೆ. ಕೋಡ್ ಓಡಿಸುವ ಆರ್ಡುಯಿನೊ ಬೋರ್ಡು, ಮೋಟರಿಗೆ ಕರೆಂಟು ಕೊಡುವ ಎಲ್298ಎನ್ ಡ್ರೈವರ್, ಎರಡು ಚಿಕ್ಕ ಬಿಒ ಮೋಟರ್, ಇನ್‌ಫ್ರಾರೆಡ್ ಬೆಳಕು ಬಿಟ್ಟು ವಾಪಸ್ ಬಂದಷ್ಟನ್ನು ನೋಡಿ ಕಪ್ಪು ಪಟ್ಟಿ ಗುರುತಿಸುವ ಐಆರ್ ಸೆನ್ಸರ್. ಕಿಟ್‌ಗೆ 1,500ರ ಆಸುಪಾಸು, ನಾಲ್ವರಿಗೊಂದರಂತೆ 15 ಕಿಟ್.

ಮೊದಲ ಡೆಮೊ ಪೂರ್ತಿ ಹಾಳಾಯಿತು. ಹಿಂದಿನ ರಾತ್ರಿ ಟ್ಯೂಬ್‌ಲೈಟಿನಲ್ಲಿ ಚೆನ್ನಾಗಿ ಓಡಿದ್ದ ಗಾಡಿಗಳು ಮಧ್ಯಾಹ್ನ ಎಚ್‌ಒಡಿ ಮುಂದೆ ಕಪ್ಪು ಪಟ್ಟಿ ಬಿಟ್ಟು ಗೋಡೆಗೆ ಹೋದವು. ಎರಡು ದಿನ ಎಲ್ಲರೂ ಕೋಡ್ ತಿದ್ದಿದರು. ಆಮೇಲೆ ಒಬ್ಬ ಹುಡುಗಿ ಕಿಟಕಿಗೆ ರಟ್ಟು ಅಡ್ಡ ಹಿಡಿದಳು. ಗಾಡಿ ನೆಟ್ಟಗೆ ಹೋಯಿತು! ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ ಅಂತ ಆ ಬ್ಯಾಚು ಇನ್ನು ಮರೆಯಲ್ಲ. ಸೆನ್ಸರಿನ ಎಲ್‌ಇಡಿಯನ್ನು ಆರ್ಡುಯಿನೊದ ಬೇರೆ ಪಿನ್ನಿಗೆ ಹಾಕಿಸಿದೆ. ಹಚ್ಚಿ ಒಂದು ಸಲ, ಆರಿಸಿ ಒಂದು ಸಲ ಓದಿ, ಒಂದರಿಂದ ಇನ್ನೊಂದನ್ನು ಕಳೆಯಿರಿ, ಬಿಸಿಲಿನ ಪಾಲು ಹೋಗುತ್ತೆ ಅಂದೆ. ನೇರ ಬಿಸಿಲಿಗೆ ಅದೂ ಸಾಲದು, ಸೆನ್ಸರ್ ಮೇಲೆ ಕಪ್ಪು ರಟ್ಟಿನ ಮುಚ್ಚಳ ಬೇಕೇ ಬೇಕು.

ಇನ್ನೊಂದು ತಂಡದ ಗಾಡಿ ತೆವಳುತ್ತಿತ್ತು. ಮಲ್ಟಿಮೀಟರ್ ಇಟ್ಟು ನೋಡಿದರು. ಆರು ವೋಲ್ಟ್ ಕೊಟ್ಟರೆ ಮೋಟರಿಗೆ ಬರುವುದು ನಾಲ್ಕು, ಮಿಕ್ಕಿದ್ದನ್ನು ಎಲ್298ಎನ್ ತಾನೇ ತಿನ್ನುತ್ತೆ. ಇದನ್ನು ಬೋರ್ಡಿನ ಮೇಲೆ ಬರೆದಿದ್ದರೆ ಯಾರಿಗೆ ನೆನಪಿರುತ್ತಿತ್ತು?

ನಡುವೆ ಒಬ್ಬ ಹುಡುಗನ ಅಪ್ಪನ ಕಬ್ಬಿನ ಗದ್ದೆಗೂ ಹೋಗಿದ್ದೆವು, ಸಾಲಿನ ನಡುವೆ ಗಾಡಿ ಬಿಡೋಣ ಅಂತ. ಹಿಂದಿನ ದಿನ ನಾಲೆ ನೀರು ಬಿಟ್ಟಿದ್ದರು, ಚಕ್ರ ಹೂತುಕೊಂಡಿತು. ಶಬ್ದದ ಅಲೆ ಬಿಟ್ಟು ಅಡ್ಡಿ ಗುರುತಿಸುವ ಅಲ್ಟ್ರಾಸಾನಿಕ್ ಸೆನ್ಸರಿಗೆ ಓರೆ ಗರಿಗಳು ಒಂದು ಸಲ ಕಂಡರೆ ಇನ್ನೊಂದು ಸಲ ಇಲ್ಲ. "ಎತ್ತೇ ವಾಸಿ ಕಣಪ್ಪ" ಅಂದರು ಆ ಯಜಮಾನರು. ಈ ಸಲ ದೊಡ್ಡ ಚಕ್ರ ಹಾಕಿ ಮತ್ತೆ ಹೋಗುತ್ತೇವೆ.

ವೈವಾದಲ್ಲಿ ಪ್ರಶ್ನೆ ಕೇಳುವುದನ್ನು ಬಿಟ್ಟೆ. ಪ್ರತಿ ಗಾಡಿಯಲ್ಲೂ ನಾನೇ ಒಂದು ದೋಷ ಮಾಡಿಡುತ್ತೇನೆ, 20 ನಿಮಿಷದಲ್ಲಿ ಹುಡುಕಬೇಕು. ಯಾವ ದೋಷಗಳು ಅಂತ ಇಲ್ಲಿ ಬರೆಯಲ್ಲ, ನನ್ನ ಹುಡುಗರೂ ಓದುತ್ತಾರೆ ಅಲ್ವಾ?

ಡಿ-ಎಚ್ ಈಗ ಒಂಬತ್ತನೇ ವಾರಕ್ಕೆ ಬರುತ್ತೆ. ಮೊದಲು ನಕ್ಕವರಲ್ಲಿ ಇಬ್ಬರು ಈ ಸಲ ನನ್ನ ಲ್ಯಾಬ್ ಶೀಟ್ ಕೇಳಿ ಪಡೆದರು. ಮೂಲೆಯಲ್ಲಿದ್ದ ತೋಳನ್ನು ಹೋದ ಬ್ಯಾಚಿನವರೇ ಬಿಚ್ಚಿದರು. ಹಲ್ಲು ಮುರಿದ ಗೇರನ್ನು ಅಳೆದು, 3ಡಿ ಪ್ರಿಂಟ್ ಮಾಡಿಸಿ ಕೂರಿಸಿದರು. ಖರ್ಚು 400 ರೂಪಾಯಿ.