ಗುಮ್ಮಟದ ಮನೆ: ತೂತಿನಿಂದ ತೂತಿಗೆ ಅಳೆಯಿರಿ

ಜಿಯೋಡೆಸಿಕ್ ಗುಮ್ಮಟದ, ಅಂದರೆ ತ್ರಿಕೋನಗಳನ್ನು ಜೋಡಿಸಿ ಕಟ್ಟುವ ದುಂಡು ಮನೆಗೆ ಆಸೆಪಟ್ಟವರು ಚೌಕಟ್ಟು ನಿಲ್ಲಿಸುವ ದಿನವೇ ಕಂಗಾಲಾಗುವುದನ್ನು ಹಲವು ಬಾರಿ ಕಂಡಿದ್ದೇನೆ. ಕೊನೆಯ ತ್ರಿಕೋನ ಕೂಡುವುದಿಲ್ಲ. ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಮೊದಲ ಮಳೆಗೆ ಅಲ್ಲಿಯೇ ಸೋರುತ್ತದೆ. ಆಮೇಲೆ ಗುಮ್ಮಟವೇ ಸರಿಯಿಲ್ಲ ಎಂಬ ದೂರು.

ಈ ಮನೆಯ ಲಾಭ ದೊಡ್ಡದು. 4 ಮೀಟರ್ ತ್ರಿಜ್ಯದ ಅರ್ಧಗೋಳ ಸುಮಾರು 50 ಚದರ ಮೀಟರ್ ನೆಲವನ್ನು ಮುಚ್ಚುತ್ತದೆ. ನಡುವೆ ಒಂದು ಕಂಬವೂ ಬೇಡ. ಹೊರಮೈ ಸುಮಾರು 100 ಚದರ ಮೀಟರ್. ಅಷ್ಟೇ ನೆಲ, ಅಷ್ಟೇ ಒಳಜಾಗ ಇರುವ ಚೌಕ ಮನೆಗೆ ಗೋಡೆ, ಚಾವಣಿ ಸೇರಿ 126 ಚದರ ಮೀಟರ್ ಬೇಕು. ಹೊರಮೈ ಕಡಿಮೆಯಾದರೆ ಸಾಮಗ್ರಿಯೂ ಕಡಿಮೆ, ಬಿಸಿಲು ಚಳಿ ನುಸುಳುವ ದಾರಿಯೂ ಕಡಿಮೆ. 1954ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ವಿನ್ಯಾಸಕ ಬಕ್‌ಮಿನ್‌ಸ್ಟರ್ ಫುಲ್ಲರ್ ಸ್ವತಃ ಅಮೆರಿಕದ ಕಾರ್ಬಂಡೇಲ್‌ನಲ್ಲಿ ಇಂಥ ಮನೆಯಲ್ಲಿ ವಾಸವಾಗಿದ್ದರು.

ಹಂತ 1: ನೆಲವನ್ನು ಮಟ್ಟ ಮಾಡಿ, ವೃತ್ತ ಎಳೆದು ಅಡಿಪಾಯ ಹಾಕಿಸಿ.

ಹಂತ 2: ಮಾದರಿಯ ಆಯ್ಕೆ. ಗುಮ್ಮಟದ ಮೂಲ ದೊಡ್ಡ ತ್ರಿಕೋನಗಳ ಪ್ರತಿ ಅಂಚನ್ನು ಎರಡು ಭಾಗ ಮಾಡಿದರೆ ‘ಟೂ-ವಿ’, ಮೂರು ಮಾಡಿದರೆ ‘ತ್ರೀ-ವಿ’. ಮೊದಲ ಮನೆಗೆ ‘ಟೂ-ವಿ’ ಮಾದರಿಯೇ ಇರಲಿ. ‘ತ್ರೀ-ವಿ’ ಹೆಚ್ಚು ದುಂಡಗೆ ಕಾಣುತ್ತದೆ, ಆದರೆ ಅದರ ಬುಡ ಸಮತಟ್ಟಾಗಿ ಕೂರುವುದಿಲ್ಲ. ಟೂ-ವಿ ಚೌಕಟ್ಟಿಗೆ ಎರಡೇ ಅಳತೆಯ 65 ಪೈಪುಗಳು ಸಾಕು: ಗಿಡ್ಡ 30, ಉದ್ದ 35.

ಹಂತ 3: ಪೈಪು ಕತ್ತರಿಸುವುದು. ಕೆಲಸ ಕೆಡುವುದು ಇಲ್ಲಿಯೇ, ಆತುರ ಬೇಡ. ತ್ರಿಜ್ಯವನ್ನು 0.5465ರಿಂದ ಗುಣಿಸಿದರೆ ಗಿಡ್ಡ ಅಳತೆ, 0.618ರಿಂದ ಗುಣಿಸಿದರೆ ಉದ್ದ ಅಳತೆ. 4 ಮೀಟರ್ ತ್ರಿಜ್ಯಕ್ಕೆ 2186 ಮತ್ತು 2472 ಮಿಲಿಮೀಟರ್. ಇದು ಪೈಪಿನ ಉದ್ದವಲ್ಲ. ಒಂದು ತುದಿಯ ಬೋಲ್ಟ್ ತೂತಿನ ನಡುವಿನಿಂದ ಇನ್ನೊಂದು ತುದಿಯ ತೂತಿನ ನಡುವಿಗೆ ಇರಬೇಕಾದ ಅಂತರ. ಜನ ಇಷ್ಟೇ ಉದ್ದಕ್ಕೆ ಪೈಪು ಕತ್ತರಿಸಿ, ತುದಿಯಿಂದ ಒಳಗೆ ತೂತು ಕೊರೆಯುತ್ತಾರೆ. ಆಗ ಎರಡೂ ಅಳತೆಗಳಲ್ಲಿ ಅಷ್ಟಷ್ಟೇ ಮಿಲಿಮೀಟರ್ ಕಳೆದುಹೋಗಿ ಗಿಡ್ಡ–ಉದ್ದಗಳ ಅನುಪಾತವೇ ಕೆಡುತ್ತದೆ, ಗುಮ್ಮಟ ಮುಚ್ಚುವುದಿಲ್ಲ. ತೂತಿನಾಚೆ ಪ್ರತಿ ತುದಿಗೂ 25 ಮಿಲಿಮೀಟರ್ ಬಿಟ್ಟು 2236 ಮತ್ತು 2522ಕ್ಕೆ ಕತ್ತರಿಸಿ.

ಮೊದಲು ತುದಿಗಳನ್ನು ಚಪ್ಪಟೆ ಮಾಡಿ, ಆಮೇಲೆ ಬಗ್ಗಿಸಿ (ಗಿಡ್ಡದ್ದಕ್ಕೆ 16 ಡಿಗ್ರಿ, ಉದ್ದದ್ದಕ್ಕೆ 18), ಕೊನೆಗೆ ತೂತು ಕೊರೆಯಿರಿ. ತೂತು ಕೊರೆದು ಬಗ್ಗಿಸಿದರೆ ಅಂತರ ಬದಲಾಗುತ್ತದೆ. ಹಿಂದಿನ ಪೈಪನ್ನೇ ಅಳತೆಗೋಲು ಮಾಡಿಕೊಳ್ಳುವ ಚಾಳಿ ಬಿಡಿ. ಒಂದೊಂದು ಮಿಲಿಮೀಟರ್ ಜಾರಿದರೂ ಮೂವತ್ತನೆಯದು ಬೇರೆಯೇ ಆಗಿರುತ್ತದೆ. ದಪ್ಪ ಹಲಗೆಯ ಮೇಲೆ ಎರಡು ಮೊಳೆ ನೆಟ್ಟು ಅಚ್ಚು ಮಾಡಿಕೊಂಡು, ಪ್ರತಿಯೊಂದನ್ನೂ ಅದರ ಮೇಲೆಯೇ ಪರೀಕ್ಷಿಸಿ. ಗಿಡ್ಡ ಪೈಪುಗಳ ತುದಿಗೆ ಬಣ್ಣ ಬಳಿಯಿರಿ.

ಹಂತ 4: ಜೋಡಣೆ. ಬುಡದ ಸುತ್ತು ಹತ್ತು ಉದ್ದ ಪೈಪುಗಳದ್ದು. ಐದು ಪೈಪು ಕೂಡುವ ಕಡೆ ಐದೂ ಗಿಡ್ಡವೇ ಆಗಿರಬೇಕು. ಬಣ್ಣ ನೋಡಿದರೆ ತಕ್ಷಣ ತಿಳಿಯುತ್ತದೆ. ನೆತ್ತಿ ಮುಚ್ಚುವವರೆಗೆ ಯಾವ ಬೋಲ್ಟನ್ನೂ ಪೂರ್ತಿ ಬಿಗಿಯಬೇಡಿ.

ಹಂತ 5: ಹೊದಿಕೆ. ಕೆಳಗಿನ ಸಾಲಿನಿಂದ ಶುರುಮಾಡಿ, ಮೇಲಿನ ಹಾಳೆ ಕೆಳಗಿನದರ ಮೇಲೆ ಬರುವಂತೆ ಹಂಚಿನ ರೀತಿ ಹೊದಿಸಿ. ಸಂದಿಗೆ ಬರೀ ಸೀಲಂಟ್ ತುಂಬಿ ಕೈತೊಳೆದುಕೊಳ್ಳುವುದು ಕೆಟ್ಟ ಅಡ್ಡದಾರಿ. ಬಿಸಿಲಿಗೆ ಹಾಳೆಗಳು ಹಿಗ್ಗಿ ಕುಗ್ಗಿದಾಗ ಅದು ಬಿರಿಯುತ್ತದೆ. ಹೊರಾಂಗಣಕ್ಕೆ ಎಂದು ನಮೂದಿಸದ ಅಗ್ಗದ ಸೀಲಂಟ್ ಟ್ಯೂಬುಗಳಂತೂ ಬೇಡವೇ ಬೇಡ.

ಹಂತ 6: ಕಿಟಕಿ. ಕಿಟಕಿಯನ್ನು ತ್ರಿಕೋನದೊಳಗೇ ಕೂರಿಸಿ, ಅದಕ್ಕಾಗಿ ಪೈಪು ಕತ್ತರಿಸಬೇಡಿ. ಕೆಳಗೆ ಎದುರುಬದುರು ಎರಡು, ನೆತ್ತಿಯಲ್ಲಿ ತೆರೆಯಬಹುದಾದ ಒಂದು ಕಿಂಡಿ ಇದ್ದರೆ ಬಿಸಿಗಾಳಿ ತಾನಾಗಿಯೇ ಮೇಲೇರಿ ಹೊರಹೋಗುತ್ತದೆ. ನೆತ್ತಿಯ ಕಿಂಡಿಯ ಹಗ್ಗ ನಿಂತವರ ಕೈಗೆ ಎಟುಕುವಂತಿರಲಿ.