ಸುತ್ತೋಲೆಯ ಆಚೆಗಿನ ಸುದ್ದಿ: ಕ್ಯಾಂಪಸ್ ವರದಿಗಾರಿಕೆಯಲ್ಲಿ ನನ್ನ ಅನುಭವ

ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿ ಮುಗಿಸಿ ವರದಿಗಾರಿಕೆಗೆ ಸೇರಿದಾಗ ನನಗೆ ಮೊದಲು ವಹಿಸಿದ್ದು ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಬೀಟ್, ಅಂದರೆ ಅಲ್ಲಿನ ಸುದ್ದಿಗಳ ಹೊಣೆ. ಹೊಸಬರಿಗೆ ಕೊಡುವ ಹಗುರ ಕೆಲಸ ಇದೆಂದು ಸುದ್ದಿಮನೆಗಳಲ್ಲಿ ಅನೇಕರು ಭಾವಿಸುತ್ತಾರೆ. ವಿಚಾರ ಸಂಕಿರಣ, ಘಟಿಕೋತ್ಸವ, ಚಿನ್ನದ ಪದಕ, ಆಗೊಮ್ಮೆ ಈಗೊಮ್ಮೆ ಒಂದು ಪ್ರತಿಭಟನೆ, ಇಷ್ಟನ್ನು ಬರೆದುಕೊಟ್ಟರೆ ಸಾಕೆಂಬ ಎಣಿಕೆ ಅದರ ಹಿಂದಿದೆ. ಈ ಬೀಟ್‌ನಲ್ಲಿ ಉಳಿದಷ್ಟೂ ನನಗೆ ಮನವರಿಕೆಯಾಗುತ್ತಿರುವುದು ಬೇರೆಯೇ. ಕುಲಸಚಿವರ ಸಹಿಯೊಂದಿಗೆ ಹೊರಬೀಳುವ ಸುತ್ತೋಲೆ ಸುದ್ದಿಯ ಮೊದಲ ಸಾಲು ಮಾತ್ರ. ಅದು ವಿದ್ಯಾರ್ಥಿಯನ್ನು ಯಾವ ರೂಪದಲ್ಲಿ ತಲುಪಿತು, ಎಲ್ಲಿ ತಡೆದು ನಿಂತಿತು ಎಂಬುದನ್ನು ಹುಡುಕಿಕೊಂಡು ಹೋದಾಗಲೇ ಉಳಿದ ಸಾಲುಗಳು ಸಿಗುತ್ತವೆ.

ಪದವಿಯ ಅವಧಿಯ ವಿಚಾರವನ್ನೇ ನೋಡಬಹುದು. ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿಯ ವ್ಯವಸ್ಥೆ ಬಂದಿತು; ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ 2024-25ರಿಂದ ಮೂರು ವರ್ಷಗಳ ಪದವಿ ಮರಳಿತು. ಎರಡೂ ಸಂದರ್ಭಗಳಲ್ಲಿ ಪತ್ರಿಕೆಗಳು ನೀತಿಯ ಪರ ಮತ್ತು ವಿರೋಧದ ಹೇಳಿಕೆಗಳನ್ನು ಧಾರಾಳವಾಗಿ ಪ್ರಕಟಿಸಿದವು. ಆದರೆ ಒಂದೇ ವಿಭಾಗದಲ್ಲಿ, ಒಂದೇ ಕಾರಿಡಾರಿನಲ್ಲಿ ಎರಡು ಪಠ್ಯಕ್ರಮಗಳ ವಿದ್ಯಾರ್ಥಿಗಳು ಓದುತ್ತಿರುವಾಗ ಹಳೆಯ ಪಠ್ಯಕ್ರಮದ ಒಂದು ವಿಷಯದಲ್ಲಿ ಅನುತ್ತೀರ್ಣರಾದವರಿಗೆ ತರಗತಿ ತೆಗೆದುಕೊಳ್ಳುವವರು ಯಾರು, ಅವರ ಪ್ರಶ್ನೆಪತ್ರಿಕೆಯನ್ನು ಯಾವ ಪಠ್ಯದ ಆಧಾರದಲ್ಲಿ ಸಿದ್ಧಪಡಿಸಲಾಗುತ್ತದೆ, ನಾಲ್ಕನೆಯ ವರ್ಷಕ್ಕೆ ಮುಂದುವರಿಯಲು ಬಯಸುವ ವಿದ್ಯಾರ್ಥಿಗೆ ತನ್ನ ಕಾಲೇಜಿನಲ್ಲೇ ಆ ಅವಕಾಶ ಇದೆಯೇ ಎಂಬ ಪ್ರಶ್ನೆಗಳು ನನಗೆ ಸಿಕ್ಕಿದ್ದು ಪತ್ರಿಕಾಗೋಷ್ಠಿಯಲ್ಲಲ್ಲ, ಪರೀಕ್ಷಾ ವಿಭಾಗದ ಕಿಟಕಿಯ ಮುಂದಿನ ಸರತಿಯಲ್ಲಿ. ಅಂದಿನಿಂದ ಯಾವುದೇ ಸುತ್ತೋಲೆ ಬಂದರೂ ಒಂದೆರಡು ವಾರ ಬಿಟ್ಟು ಆ ಕಿಟಕಿಯ ಬಳಿ ಹೋಗಿ ನಿಲ್ಲುವುದು ನನ್ನ ರೂಢಿ.

ವಿದ್ಯಾರ್ಥಿವೇತನದ ಸುದ್ದಿಗೂ ಇದೇ ಕ್ರಮ. ‘ವಿದ್ಯಾರ್ಥಿವೇತನ ಬಿಡುಗಡೆ’ ಎಂಬ ಪ್ರಕಟಣೆ ಬಂದ ಮೇಲೆ ನಾನು ವಿದ್ಯಾರ್ಥಿನಿಲಯಗಳಲ್ಲಿ ವಿಚಾರಿಸುತ್ತೇನೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿ ಮಂಜೂರಾತಿಯನ್ನೂ ಪಡೆದವರ ಪೈಕಿ ಕೆಲವರ ಖಾತೆಗೆ ಹಣ ಬಂದಿರುವುದಿಲ್ಲ. ಕಾರಣ ಹುಡುಕಿದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ, ಅಥವಾ ಆಧಾರ್‌ನಲ್ಲಿರುವ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಹೊಂದಾಣಿಕೆ ಇರುವುದಿಲ್ಲ. ಇಂತಹ ವರದಿಯಲ್ಲಿ ಅಸಮಾಧಾನದ ಜೊತೆಗೆ ಪರಿಹಾರದ ದಾರಿಯನ್ನೂ ಬರೆಯಬೇಕೆಂಬುದು ನನ್ನ ನಿಲುವು. ಯಾವ ದಾಖಲೆಯನ್ನು ಎಲ್ಲಿ ಸರಿಪಡಿಸಿಕೊಳ್ಳಬೇಕು ಎಂಬ ನಾಲ್ಕು ಸಾಲುಗಳು ಓದುಗ ವಿದ್ಯಾರ್ಥಿಗೆ ಶೀರ್ಷಿಕೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ದಾಖಲೆಗಳನ್ನು ಓದುವ ಅಭ್ಯಾಸ ನನ್ನ ಕೆಲಸವನ್ನು ಬದಲಿಸಿದಷ್ಟು ಬೇರಾವುದೂ ಬದಲಿಸಿಲ್ಲ. ಕ್ಯಾಂಪಸ್‌ನ ಗುಟ್ಟುಗಳೆಂದು ನಾವು ಭಾವಿಸುವ ಹಲವು ಸಂಗತಿಗಳು ಬಹಿರಂಗವಾಗಿಯೇ ಇರುತ್ತವೆ, ಓದುವವರು ಕಡಿಮೆ. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ, ಕಾಲೇಜುಗಳ ಗುಣಮಟ್ಟವನ್ನು ಅಳೆದು ಗ್ರೇಡ್ ನೀಡುವ ನ್ಯಾಕ್ ಸಂಸ್ಥೆಗೆ ಕಾಲೇಜುಗಳು ಸಲ್ಲಿಸುವ ಸ್ವ-ಅಧ್ಯಯನ ವರದಿಯಲ್ಲಿ ಮಂಜೂರಾದ ಬೋಧಕ ಹುದ್ದೆಗಳೆಷ್ಟು, ಅವುಗಳಲ್ಲಿ ಭರ್ತಿಯಾಗಿರುವುದೆಷ್ಟು, ಗ್ರಂಥಾಲಯಕ್ಕೆ ವರ್ಷಕ್ಕೆ ಖರ್ಚಾದ ಹಣವೆಷ್ಟು ಎಂಬ ವಿವರಗಳು ಸಂಸ್ಥೆಯೇ ಒಪ್ಪಿಕೊಂಡ ಅಂಕಿಗಳಾಗಿ ದೊರೆಯುತ್ತವೆ. ಗ್ರೇಡ್ ಬಂದ ದಿನ ಸಿಹಿ ಹಂಚಿದ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ಆ ಗ್ರೇಡ್‌ಗೆ ಆಧಾರವಾದ ವರದಿಯನ್ನು ಇಳಿಸಿಕೊಂಡು, ಅದರಲ್ಲಿ ನಮೂದಾದ ಪ್ರಯೋಗಾಲಯವನ್ನು ಕಣ್ಣಾರೆ ನೋಡಿ ಬರುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.

ಉದ್ಯೋಗಾವಕಾಶದ ಸುದ್ದಿಯಲ್ಲಿ ಈ ಓದು ಇನ್ನೂ ಅಗತ್ಯ. ಕ್ಯಾಂಪಸ್ ಸಂದರ್ಶನದ ಋತುವಿನಲ್ಲಿ ಅತ್ಯಧಿಕ ವೇತನ ಪಡೆದ ವಿದ್ಯಾರ್ಥಿಯ ಹೆಸರಿನೊಂದಿಗೆ ಪತ್ರಿಕಾ ಪ್ರಕಟಣೆಗಳು ಬರತೊಡಗುತ್ತವೆ. ಆ ಒಂದು ಸಂಖ್ಯೆ ಸುಳ್ಳಲ್ಲದಿರಬಹುದು, ಆದರೆ ಉಳಿದ ತರಗತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯ ನೀಡುವ ಎನ್‌ಐಆರ್‌ಎಫ್ ಶ್ರೇಯಾಂಕ 2016ರಿಂದ ಪ್ರಕಟವಾಗುತ್ತಿದ್ದು, ಅದಕ್ಕೆ ಸಂಸ್ಥೆಗಳು ಸಲ್ಲಿಸುವ ಮಾಹಿತಿಯಲ್ಲಿ ನಿಗದಿತ ಅವಧಿಯೊಳಗೆ ಪದವಿ ಪಡೆದವರು, ಉದ್ಯೋಗ ಪಡೆದವರು, ಉನ್ನತ ವ್ಯಾಸಂಗಕ್ಕೆ ಹೋದವರು ಎಷ್ಟು ಮಂದಿ ಎಂಬುದರ ಜೊತೆಗೆ ಉದ್ಯೋಗ ಪಡೆದವರ ಮಧ್ಯಮ ವೇತನವೂ ಇರುತ್ತದೆ. ಮಧ್ಯಮ ವೇತನವೆಂದರೆ ಎಲ್ಲರನ್ನೂ ವೇತನದ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವೆ ನಿಂತವರ ಸಂಬಳ. ಸರಾಸರಿಯನ್ನು ಒಬ್ಬಿಬ್ಬರ ದೊಡ್ಡ ಸಂಬಳ ಮೇಲಕ್ಕೆ ಎಳೆಯಬಲ್ಲದು, ಇದನ್ನು ಹಾಗೆ ಎಳೆಯಲಾಗದು. ಪ್ರಕಟಣೆ ಕೈಗೆ ಬಂದಾಗ ನಾನು ಕಳೆದ ವರ್ಷಗಳ ಈ ಅಂಕಿಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಉದ್ಯೋಗಾಧಿಕಾರಿಗೆ ಕರೆ ಮಾಡುತ್ತೇನೆ. ಪ್ರವೇಶ ಶುಲ್ಕಕ್ಕಾಗಿ ಸಾಲ ಮಾಡಲು ಹೊರಟ ಪೋಷಕರು ಆ ಪುಟವನ್ನು ಓದುತ್ತಾರೆ ಎಂಬುದು ಬರೆಯುವಾಗ ನನ್ನ ಮನಸ್ಸಿನಲ್ಲಿರುತ್ತದೆ.

ಪ್ರಕಟವಾಗದ ದಾಖಲೆಗಳಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕರ್ನಾಟಕದ ನಿಯಮಗಳ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಶುಲ್ಕ 10 ರೂಪಾಯಿ. ಈ ಮಿತಿಯನ್ನು ಅಡ್ಡಿಯೆಂದು ಕೆಲವರು ದೂರುತ್ತಾರೆ, ನನಗಂತೂ ಅದು ಪ್ರಶ್ನೆಯನ್ನು ಹರಿತಗೊಳಿಸುವ ಸಾಣೆಯಾಗಿದೆ. ‘ವಿದ್ಯಾರ್ಥಿನಿಲಯಗಳ ಸ್ಥಿತಿಗತಿಯ ಮಾಹಿತಿ ನೀಡಿ’ ಎಂದು ಕೇಳಿದರೆ ಅಷ್ಟೇ ಅಸ್ಪಷ್ಟವಾದ ಉತ್ತರ ಬರುತ್ತದೆ. ‘ಇಂತಹ ವಿದ್ಯಾರ್ಥಿನಿಲಯದ ಮಂಜೂರಾದ ಸಾಮರ್ಥ್ಯ, ಇಂತಹ ದಿನಾಂಕದಂದು ದಾಖಲಾಗಿದ್ದವರ ಸಂಖ್ಯೆ ಮತ್ತು ದುರಸ್ತಿಗಾಗಿ ಬಂದ ಪತ್ರಗಳ ಪ್ರತಿ’ ಎಂದು ಕೇಳಿದರೆ ನುಣುಚಿಕೊಳ್ಳಲು ಜಾಗ ಉಳಿಯುವುದಿಲ್ಲ. ವ್ಯಕ್ತಿಗಳ ಹೆಸರನ್ನು ನಾನು ಕೇಳುವುದಿಲ್ಲ, ಹುದ್ದೆ ಮತ್ತು ಸಂಖ್ಯೆಯನ್ನಷ್ಟೇ ಕೇಳುತ್ತೇನೆ. ಮಾಹಿತಿ ಏಕೆ ಬೇಕೆಂಬ ಕಾರಣ ಕೊಡುವ ಅಗತ್ಯ ಕಾಯ್ದೆಯಲ್ಲಿಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿಗೆ ಅವಕಾಶವಿದೆ. ಇದನ್ನು ವಿದ್ಯಾರ್ಥಿಗಳಿಗೂ ಹೇಳುತ್ತಿರುತ್ತೇನೆ, ಏಕೆಂದರೆ ಮೌಲ್ಯಮಾಪನವಾದ ತಮ್ಮ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಈ ಕಾಯ್ದೆಯಡಿ ಅವರಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪು ನೀಡಿದೆ. ಮರುಮೌಲ್ಯಮಾಪನಕ್ಕೆ ಶುಲ್ಕ ಕಟ್ಟಿ ಕಾಯುವ ಬಹಳ ಮಂದಿಗೆ ಆ ತೀರ್ಪಿನ ವಿಷಯವೇ ಗೊತ್ತಿಲ್ಲ.

ಮೂಲಗಳ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಕುಲಪತಿಗಳ ದೂರವಾಣಿ ಸಂಖ್ಯೆ ಎಲ್ಲ ವರದಿಗಾರರ ಬಳಿಯೂ ಇರುತ್ತದೆ. ಕ್ಯಾಂಪಸ್‌ನ ನಾಡಿಮಿಡಿತ ಗೊತ್ತಿರುವುದು ಗ್ರಂಥಾಲಯ ಸಹಾಯಕರಿಗೆ, ವಿದ್ಯಾರ್ಥಿನಿಲಯದ ಅಡುಗೆಯವರಿಗೆ, ವರ್ಷದಿಂದ ವರ್ಷಕ್ಕೆ ನೇಮಕದ ಆದೇಶಕ್ಕಾಗಿ ಕಾಯುವ ಅತಿಥಿ ಉಪನ್ಯಾಸಕರಿಗೆ. ಇವರ ನೌಕರಿ ವರದಿಯ ಮೇಲೆ ಅಚ್ಚಾಗುವ ನನ್ನ ಹೆಸರಿಗಿಂತ ದೊಡ್ಡದು. ಹೆಸರು ಬಿಟ್ಟರಷ್ಟೇ ಸಾಲದು, ಸಣ್ಣ ವಿಭಾಗದಲ್ಲಿ ವಿಷಯ ಮತ್ತು ವರ್ಷವನ್ನು ಬರೆದರೂ ಗುರುತು ಸಿಕ್ಕಿಬಿಡುತ್ತದೆ.

ಗುರುತಿನ ಪ್ರಶ್ನೆ ಬಹಳ ಗಂಭೀರವಾಗುವ ಸುದ್ದಿಗಳಿವೆ. ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿಯ ಕಲಾಪವನ್ನೂ, ದೂರುದಾರರು, ಎದುರುದಾರರು ಮತ್ತು ಸಾಕ್ಷಿಗಳ ಗುರುತನ್ನೂ ಪ್ರಕಟಿಸುವುದನ್ನು ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ನಿಷೇಧಿಸುತ್ತದೆ. ಕಾನೂನು ಇಲ್ಲದಿದ್ದರೂ ನಾನು ಅದನ್ನೇ ಪಾಲಿಸುತ್ತಿದ್ದೆ. ಸಮಿತಿ ರಚನೆಯಾಗಿದೆಯೇ, ಹೊರಗಿನ ಸದಸ್ಯರು ಇದ್ದಾರೆಯೇ, ವಿದ್ಯಾರ್ಥಿನಿಯರಿಗೆ ಅದರ ವಿಷಯ ಗೊತ್ತಿದೆಯೇ ಎಂಬ ಪ್ರಶ್ನೆಗಳು ಯಾರ ಗುರುತನ್ನೂ ಬಹಿರಂಗಪಡಿಸದೆ ಸಂಸ್ಥೆಯನ್ನು ಉತ್ತರದಾಯಿಯಾಗಿಸುತ್ತವೆ, ಮತ್ತು ದೂರು ಬರುವ ಮೊದಲೇ ಅವನ್ನು ಕೇಳಬಹುದು.

ವಿದ್ಯಾರ್ಥಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡಾಗ ಬರೆಯುವುದು ಈ ವೃತ್ತಿಯಲ್ಲಿ ನನಗೆ ಅತ್ಯಂತ ಭಾರವಾದ ಕೆಲಸ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ವಿಧಾನದ ವಿವರ, ಸ್ಥಳದ ವರ್ಣನೆ, ಭಾವೋದ್ರೇಕದ ಶೀರ್ಷಿಕೆ ಬೇಡವೆಂದು ಸ್ಪಷ್ಟವಾಗಿ ಹೇಳುತ್ತದೆ. ‘ಕಡಿಮೆ ಅಂಕ ಬಂದದ್ದಕ್ಕೆ’ ಎಂಬ ಒಂದು ಪದಗುಚ್ಛ ಶೀರ್ಷಿಕೆಗೆ ಸುಲಭವಾಗಿ ಒದಗುತ್ತದೆ, ಆದರೆ ಒಂದು ಜೀವದ ಸಂಕಟವನ್ನು ಒಂದೇ ಕಾರಣಕ್ಕೆ ಇಳಿಸುವುದು ಅಸತ್ಯ. ಅದೇ ಅಂಕ ಪಡೆದು ಅದೇ ಪುಟವನ್ನು ಓದುತ್ತಿರುವ ಇನ್ನೊಬ್ಬ ವಿದ್ಯಾರ್ಥಿಗೆ ಅದು ಅಪಾಯವೂ ಹೌದು. ಇಂತಹ ವರದಿಯ ಜೊತೆ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ಅನ್ನು ಎದ್ದು ಕಾಣುವಂತೆ ಹಾಕಬೇಕೆಂದು ಡೆಸ್ಕ್‌ನಲ್ಲಿ ಕೂತು ಒತ್ತಾಯಿಸುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆ ಹಗಲಿರುಳೂ ಲಭ್ಯವಿದ್ದು, ಕನ್ನಡದಲ್ಲೂ ಮಾತನಾಡಬಹುದು. ಆ ದಿನ ತರಗತಿಯ ಗೆಳೆಯರ ಬಾಯಿಗೆ ಮೈಕ್ ಹಿಡಿಯುವುದಿಲ್ಲ. ಕೆಲವು ವಾರಗಳ ನಂತರ ಆಪ್ತ ಸಮಾಲೋಚಕರ ಹುದ್ದೆ ಭರ್ತಿಯಾಗಿದೆಯೇ ಎಂದು ಕೇಳಲು ಖಂಡಿತ ಹೋಗುತ್ತೇನೆ.

ನಾನು ಓದಿದ ಕ್ಯಾಂಪಸ್ಸೂ ನನ್ನ ಬೀಟ್‌ನಲ್ಲೇ ಇದೆ. ನನಗೆ ಪಾಠ ಹೇಳಿದವರು ಈಗ ಆಡಳಿತದ ಹುದ್ದೆಗಳಲ್ಲಿದ್ದಾರೆ, ಒಂದು ಫೋನ್ ಕರೆಗೆ ಮಾಹಿತಿ ಸಿಗುತ್ತದೆ. ಈ ಸಲಿಗೆಯ ಬೆಲೆ ನನಗೆ ಗೊತ್ತಿರುವುದರಿಂದ, ಅವರ ವಿಭಾಗಕ್ಕೆ ಸಂಬಂಧಿಸಿದ ವರದಿಯನ್ನು ಪ್ರತಿಕ್ರಿಯೆಯಿಲ್ಲದೆ ಕೊಡುವುದಿಲ್ಲ, ಪ್ರಕಟಣೆಗೆ ಮುನ್ನ ಪೂರ್ಣಪ್ರತಿಯನ್ನು ಓದಲು ಕಳುಹಿಸುವುದೂ ಇಲ್ಲ. ಪ್ರಶ್ನೆಗಳನ್ನು ಬರಹದಲ್ಲಿ ಕಳುಹಿಸಿ, ಉತ್ತರಿಸಲು ಸಾಕಷ್ಟು ಸಮಯ ಕೊಟ್ಟು, ಬಂದ ಉತ್ತರವನ್ನು ಅರ್ಥ ಕೆಡದಂತೆ ಬಳಸುತ್ತೇನೆ. ನನ್ನ ಗುರುಗಳೊಬ್ಬರು ಇದನ್ನು ಮೆಚ್ಚಿಕೊಂಡರು, ಇನ್ನೊಬ್ಬರು ಮಾತು ಕಡಿಮೆ ಮಾಡಿದರು.

ಈ ಸೆಮಿಸ್ಟರ್‌ನಲ್ಲಿ ನಾನು ಬೆನ್ನುಹತ್ತಿರುವುದು ಒಂದು ವಿದ್ಯಾರ್ಥಿನಿಲಯದ ಸಾಮರ್ಥ್ಯ ಮತ್ತು ಅಲ್ಲಿ ವಾಸಿಸುತ್ತಿರುವವರ ಸಂಖ್ಯೆಯ ನಡುವಿನ ಅಂತರವನ್ನು. ಮಾಹಿತಿ ಹಕ್ಕಿನಡಿ ಬಂದ ಉತ್ತರದಲ್ಲಿ ಸಾಮರ್ಥ್ಯವನ್ನು ಕೊಟ್ಟು ದಾಖಲಾದವರ ಸಂಖ್ಯೆಯನ್ನು ಬಿಟ್ಟಿದ್ದರಿಂದ ಮೊದಲ ಮೇಲ್ಮನವಿ ಸಲ್ಲಿಸಿದ್ದೇನೆ. ಅದರ ತೀರ್ಮಾನ ಬರುವವರೆಗೆ ಕೊಠಡಿ ಕೊಠಡಿಗೂ ಹೋಗಿ, ಒಪ್ಪಿಗೆ ಕೊಟ್ಟವರೊಂದಿಗೆ ಮಾತನಾಡಿ, ಒಂದೊಂದು ಕೊಠಡಿಯಲ್ಲಿ ಎಷ್ಟು ಮಂಚಗಳಿವೆ ಮತ್ತು ಎಷ್ಟು ಜನ ಮಲಗುತ್ತಾರೆ ಎಂಬುದನ್ನು ಬರೆದುಕೊಳ್ಳುತ್ತಿದ್ದೇನೆ.