ಇಂಗ್ಲೆಂಡಿನ ಶಾಲೆಯಲ್ಲಿ ಯಾವ ಮಾತು ಯಾರ ಹತ್ತಿರ: ದಾವಣಗೆರೆಯಿಂದ ಹೊರಟವರಿಗೆ

ಇಂಗ್ಲೆಂಡಿನಿಂದ ರಜೆಗೆ ದಾವಣಗೆರೆಗೆ ಬಂದಿದ್ದೇನೆ. ವಿದ್ಯಾನಗರದಲ್ಲಿರುವ ಚಿಕ್ಕಮ್ಮನ ಮಗಳು ಸೆಪ್ಟೆಂಬರಿಗೆ ಇಂಗ್ಲೆಂಡಿಗೆ ಹೊರಟಿದ್ದಾಳೆ. ಗಂಡನಿಗೆ ಅಲ್ಲಿ ಕೆಲಸ, ಜೊತೆಗೆ ಇಬ್ಬರು ಮಕ್ಕಳು. ನಿನ್ನೆ ಸಂಜೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೇಳಿದಳು: "ಅಕ್ಕಾ, ಅಲ್ಲಿ ಏನರ ಆದ್ರೆ ಸೀದಾ ಹೆಡ್‌ಮಾಸ್ಟರ್ ಹತ್ರನೇ ಹೋಗ್ಬೇಕಾ?" ನಮಗೆ ಇಲ್ಲಿ ಅದೇ ರೂಢಿ ಅಲ್ವಾ, ಫೀಸಿನ ಮಾತಿರಲಿ, ಮಗುವಿಗೆ ಗಾಯವಾದ ಮಾತಿರಲಿ, ಹೆಡ್‌ಮಾಸ್ಟರ್ ಕೋಣೆಯ ಮುಂದೆ ನಿಲ್ಲುವುದು. ಅಲ್ಲಿ ಒಂದೊಂದು ವಿಷಯಕ್ಕೂ ಒಬ್ಬೊಬ್ಬರು ಹೊಣೆ ಹೊತ್ತಿರುತ್ತಾರೆ. ಅವರು ಯಾರು ಅಂತ ಮೊದಲ ವಾರವೇ ತಿಳಿದುಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದವರು ಡಿಎಸ್‌ಎಲ್, ಅಂದರೆ ಡೆಸಿಗ್ನೇಟೆಡ್ ಸೇಫ್‌ಗಾರ್ಡಿಂಗ್ ಲೀಡ್. ಮಕ್ಕಳ ಸುರಕ್ಷತೆಯ ಹೊಣೆ ಇವರದು. ಶಾಲೆ ನಡೆಸುವ ಹಿರಿಯರಲ್ಲೇ ಒಬ್ಬರು ಈ ಜಾಗದಲ್ಲಿರಬೇಕು, ಎರಡು ವರ್ಷಕ್ಕೊಮ್ಮೆ ತರಬೇತಿಯನ್ನೂ ಪಡೆಯಬೇಕು. ಎಷ್ಟೋ ಶಾಲೆಗಳಲ್ಲಿ ಒಳಗೆ ಕಾಲಿಟ್ಟ ಕೂಡಲೇ ಗೋಡೆಯ ಮೇಲೆ ಇವರ ಫೋಟೋ ಕಾಣುತ್ತದೆ. ಮಗುವನ್ನು ಯಾರಾದರೂ ಕಾಡುತ್ತಿದ್ದರೆ, ಮನೆಯಲ್ಲೇ ಏನೋ ಕಷ್ಟ ಇದ್ದರೆ, ಧೈರ್ಯವಾಗಿ ಇವರಿಗೆ ಹೇಳಿ. ಸಣ್ಣ ಮಾತು ಅಂತ ಯಾರೂ ತಳ್ಳಿಹಾಕುವುದಿಲ್ಲ.

ಇನ್ನೊಂದು ವಿಷಯವನ್ನು ನಮ್ಮವರಿಗೆ ಬಿಡಿಸಿ ಹೇಳಲೇಬೇಕು. ಮಗು ಟೀಚರ್ ಹತ್ತಿರ "ಅಪ್ಪ ಹೊಡೆದರು" ಅಂದರೆ ಟೀಚರ್ ಅದನ್ನು ಗುಟ್ಟಾಗಿ ಇಟ್ಟುಕೊಳ್ಳುವ ಹಾಗಿಲ್ಲ. ಬರೆದು ಡಿಎಸ್‌ಎಲ್‌ಗೆ ಕೊಡಲೇಬೇಕು. ಅದು ನಿಮ್ಮ ಮೇಲಿನ ದ್ವೇಷಕ್ಕೆ ಮಾಡಿದ್ದು ಅಂತ ತಿಳಿಯಬೇಡಿ, ಹಾಗೆ ಮಾಡದಿದ್ದರೆ ಅವರ ಕೆಲಸಕ್ಕೇ ಕುತ್ತು. ಸ್ಕಾಟ್‌ಲೆಂಡ್ 2020ರಲ್ಲಿ, ವೇಲ್ಸ್ 2022ರಲ್ಲಿ ಮನೆಯಲ್ಲೂ ಮಕ್ಕಳ ಮೇಲೆ ಕೈ ಎತ್ತುವುದನ್ನು ಪೂರ್ತಿ ನಿಷೇಧಿಸಿದವು. ಇಂಗ್ಲೆಂಡಿನಲ್ಲೂ ಗಾಯ, ಬಾಸುಂಡೆ ಕಂಡರೆ ಕೇಸಾಗಬಹುದು. "ನಾವೂ ಏಟು ತಿಂದೇ ಬೆಳೆದಿಲ್ವಾ" ಅನ್ನುವ ಮಾತನ್ನು ಇಲ್ಲೇ ಬಿಟ್ಟು ಹೋಗಿ. ಊರಲ್ಲಿದ್ದರೂ ಅದನ್ನು ಬಿಡಬೇಕು ಅಂತಲೇ ನಾನು ಹೇಳುತ್ತೇನೆ.

ಮಗುವನ್ನು ಕರೆದುಕೊಂಡು ಬರುವ ವಿಚಾರದಲ್ಲಿ ನಾನೇ ಒಮ್ಮೆ ಸಿಟ್ಟಾಗಿದ್ದೆ. ಅವತ್ತು ಬಸ್ ತಡವಾಯಿತು, ಪಕ್ಕದ ಮನೆಯವರಿಗೆ ಫೋನ್ ಮಾಡಿ ಮಗಳನ್ನು ಕರೆತರಲು ಹೇಳಿದೆ. ಮಗಳು "ಆಂಟಿ" ಅಂತ ಓಡಲು ಹೋದರೂ ಟೀಚರ್ ಕೈ ಬಿಡಲಿಲ್ಲವಂತೆ, ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ನನಗೆ ಫೋನ್ ಬಂತು. ಜಗಳ ಆಡಲೆಂದೇ ಹೋದೆ. ನೋಡಿದರೆ ಮಗಳ ಕೋಟಿನ ಗುಂಡಿಗಳನ್ನೆಲ್ಲ ಹಾಕಿ, ಆಫೀಸಿನ ಮುಂದಿನ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ಟೀಚರ್ ಕೂತಿದ್ದರು. ನನ್ನ ಸಿಟ್ಟು ಅಲ್ಲೇ ಇಳಿಯಿತು. ನಂಬಿಕೆಯ ಇಬ್ಬರ ಹೆಸರನ್ನು ಮೊದಲೇ ಬರೆಸಿಡಿ.

ಊಟದ ಡಬ್ಬಿಯೂ ಸುರಕ್ಷತೆಯ ವಿಷಯವೇ. ಅಲ್ಲಿ ಎಷ್ಟೋ ಪ್ರೈಮರಿ ಶಾಲೆಗಳು ಶೇಂಗಾ, ಗೋಡಂಬಿ ಯಾವುದನ್ನೂ ಒಳಗೆ ಬಿಡುವುದಿಲ್ಲ. ಶೇಂಗಾ ಅಲರ್ಜಿ ಇರುವ ಮಗುವಿಗೆ ಒಂದು ಚೂರು ತಗುಲಿದರೂ ಉಸಿರು ಕಟ್ಟಬಹುದು. ನಮ್ಮ ಶೇಂಗಾ ಚಟ್ನಿ ಪುಡಿ, ಶೇಂಗಾ ಹೋಳಿಗೆ ಮನೆಯಲ್ಲೇ ಇರಲಿ. ಔಷಧಿಯೂ ಹಾಗೆಯೇ, ನೀವು ಬರೆದುಕೊಡದೆ ಮಾಮೂಲಿ ಜ್ವರದ ಸಿರಪ್ಪನ್ನೂ ಹಾಕುವುದಿಲ್ಲ.

ಮಗು ಬರದಿದ್ದ ದಿನ ಬೆಳಿಗ್ಗೆಯೇ ಆಫೀಸಿಗೆ ತಿಳಿಸಿ. ನೀವು ಹೇಳದಿದ್ದರೆ ಅವರೇ ಫೋನ್ ಮಾಡುತ್ತಾರೆ, ಮಗು ದಾರಿಯಲ್ಲಿ ಏನಾಯಿತೋ ಅನ್ನುವ ಭಯ ಅವರಿಗೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಅಂತ ಸುಮ್ನೆ ಒಂದು ವಾರ ಶಾಲೆ ತಪ್ಪಿಸಿ ಬಂದರೆ ದಂಡ ಬೀಳಬಹುದು. 2024ರ ಆಗಸ್ಟಿನಿಂದ ಒಬ್ಬ ಪೋಷಕರಿಗೆ ಒಂದು ಮಗುವಿಗೆ 80 ಪೌಂಡ್, 21 ದಿನದೊಳಗೆ ಕಟ್ಟದಿದ್ದರೆ 160. ಅಪ್ಪ ಅಮ್ಮ ಇಬ್ಬರು, ಮಕ್ಕಳೂ ಇಬ್ಬರು ಅಂದರೆ 320 ಪೌಂಡ್ ಆಯಿತು.

ಕಲಿಕೆಯಲ್ಲಿ ಮಗು ಹಿಂದೆ ಬಿದ್ದಿದೆ, ಮಾತು ತಡ, ಗಮನ ನಿಲ್ಲುವುದಿಲ್ಲ ಅಂದರೆ ಸೆಂಕೋ ಅಂತ ಬೇರೆಯೇ ಟೀಚರ್ ಇರುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ. ದೂರು ಇದ್ದರೆ ಮೊದಲು ಕ್ಲಾಸ್ ಟೀಚರ್, ಆಮೇಲೆ ಹೆಡ್, ಅಲ್ಲೂ ಆಗದಿದ್ದರೆ ಗವರ್ನರ್‌ಗಳು, ಅಂದರೆ ಶಾಲೆಯ ಆಡಳಿತ ಮಂಡಳಿಯವರು. ಗವರ್ನರ್‌ಗಳಿಗೆ ಸಂಬಳ ಇಲ್ಲ, ಅವರಲ್ಲಿ ಚುನಾವಣೆಯಲ್ಲಿ ಆರಿಸಿ ಬಂದ ಪೋಷಕರೂ ಇರುತ್ತಾರೆ. ನಮ್ಮವರು ಈ ಚುನಾವಣೆಗೆ ನಿಲ್ಲುವುದು ಕಡಿಮೆ. ನಿಲ್ಲಬೇಕು.

ಹೊರಟಿರುವ ಈ ತಂಗಿ ಇಲ್ಲಿ ಹೈಸ್ಕೂಲಿನಲ್ಲಿ ಗಣಿತ ಟೀಚರ್, ಬಿ.ಎಡ್ ಆಗಿದೆ. ಗಣಿತ, ವಿಜ್ಞಾನ, ಭಾಷೆ ಕಲಿಸುವ ಭಾರತದ ಶಿಕ್ಷಕರು ಅಲ್ಲಿನ ಕ್ಯುಟಿಎಸ್‌ಗೆ, ಅಂದರೆ ಅಲ್ಲಿ ಟೀಚರ್ ಅಂತ ಮಾನ್ಯತೆ ಕೊಡುವ ಅರ್ಹತೆಗೆ, ನೇರವಾಗಿ ಅರ್ಜಿ ಹಾಕಲು 2023ರಿಂದ ಅವಕಾಶವಿದೆ. ಅಲ್ಲಿ ಹೊಸ ಟೀಚರನ್ನು ಕ್ಲಾಸಿಗೆ ತಳ್ಳಿ ಕೈ ತೊಳೆದುಕೊಳ್ಳುವುದಿಲ್ಲ. ಎರಡು ವರ್ಷ ಒಬ್ಬ ಮೆಂಟರ್ ಜೊತೆಗಿರುತ್ತಾರೆ, ಪಾಠ ನೋಡುತ್ತಾರೆ, ಕೂತು ಮಾತಾಡುತ್ತಾರೆ. ಕಲಿಯಲು ಸಮಯ ಸಿಗಲಿ ಅಂತ ಮೊದಲ ವರ್ಷ 10%, ಎರಡನೆಯ ವರ್ಷ 5% ಪಾಠದ ಹೊರೆ ಕಡಿಮೆ. ಇದನ್ನು ಕೇಳಿ ಅವಳ ಕಣ್ಣು ತುಂಬಿತು. ಅವಳು ಕೆಲಸಕ್ಕೆ ಸೇರಿದ ಮೊದಲ ದಿನ 60 ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ಒಬ್ಬಳೇ ನಿಂತಿದ್ದಳಂತೆ.

ಟೀಚರ್ ಆಗಲಿ, ಅಡುಗೆಯವರಾಗಲಿ, ಶಾಲೆಗೆ ಕೆಲಸಕ್ಕೆ ಸೇರುವವರಿಗೆಲ್ಲ ಡಿಬಿಎಸ್ ತಪಾಸಣೆ ಇದೆ, ಅಂದರೆ ಹಿಂದೆ ಏನಾದರೂ ಅಪರಾಧ ಮಾಡಿದ್ದಾರಾ ಅಂತ ನೋಡುವುದು. ಹೊರದೇಶದಿಂದ ಬಂದವರಿಗೆ ಊರಿನ ಪೊಲೀಸ್ ಕ್ಲಿಯರೆನ್ಸ್ ಕೂಡ ಕೇಳುತ್ತಾರೆ. ಅಲ್ಲಿಗೆ ಹೋದ ಮೇಲೆ ತರಿಸುವುದು ಬಹಳ ಓಡಾಟ. ನಾಳೆ ಬೆಳಿಗ್ಗೆ ತಂಗಿಯ ಪಾಸ್‌ಪೋರ್ಟ್ ಇಟ್ಟುಕೊಂಡು ಇಬ್ಬರೂ ಆ ಅರ್ಜಿ ತುಂಬಲು ಕೂರುತ್ತೇವೆ.